‘ಚೆನ್ನಾಗಿದ್ದೇನೆ’ ಎನ್ನುವ ಬಟನ್

ಅಲೆಕ್ಸಾಂಡ್ರಿಯಾ
9 ನವೆಂಬರ್ 2021

ಹಿಲ್ಮಿ,

ಹೆಸರು ನೋಡಿದ ತಕ್ಷಣ ಅಳಿಸಿಬಿಡಬೇಡ. ಈಗಿನ ಫೋನುಗಳಲ್ಲಿ ಉತ್ತರ ಬರೆಯುವ ಬಟನ್ನೂ ಅಳಿಸುವ ಬಟನ್ನೂ ಅಕ್ಕಪಕ್ಕದಲ್ಲೇ ಇರುತ್ತವೆ. ಹೆಬ್ಬೆರಳು ಒಂದಿಷ್ಟು ಜಾರಿದರೆ ಆರು ವರ್ಷದ ಮೇಲೆ ಬಂದ ಪತ್ರ ಹಾಳು. ಅವೆರಡನ್ನೂ ಹಾಗೆ ಜೋಡಿಸಿದ ಮಹಾನುಭಾವನ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ, ಇಲಿಪಾಷಾಣದ ಡಬ್ಬಿ ಒಂದೇ ಗೂಡಿನಲ್ಲಿ ಇರಬೇಕು.

ನಾನು ಅದೇ ವಗ್ದಿ. ಆನ್ಫೂಶಿ ಬಂದರಿನಲ್ಲಿ ದೋಣಿ ಕಟ್ಟುವ ಅಂಗಳದ ಎದುರು ಪ್ಲೇಸ್ಟೇಷನ್ ಅಂಗಡಿ ಇಟ್ಟುಕೊಂಡು ಗಂಟೆಯ ಲೆಕ್ಕದಲ್ಲಿ ಊರಿನವರಿಗೆ ಆಟ ಆಡಿಸುವವನು. ನಿನ್ನ ಜೊತೆ ಕೂತು ವಿಡಿಯೋ ಆಟಗಳ ಬಗ್ಗೆ ಪತ್ರಿಕೆಗೆ ‘ಬಟನ್ ಎಲ್ಲಿದೆ?’ ಎಂಬ ಅಂಕಣ ಬರೆದವನು. ಆಮೇಲೆ ನೀನು ಮಾಡಿದ ಮೀನು ಹಿಡಿಯುವ ಆಟದ ಬಗ್ಗೆ ಅದೇ ಅಂಕಣದಲ್ಲಿ ಒಂದು ಪುಟ ಬರೆದು ನಿನ್ನ ಸ್ನೇಹ ಕಳೆದುಕೊಂಡವನು. ಆ ಪುಟದ ಒಂದು ಅಕ್ಷರವನ್ನೂ ಈಗಲೂ ಹಿಂದೆ ತೆಗೆದುಕೊಳ್ಳುವುದಿಲ್ಲ. ಗಾಳ ಹಾಕಬೇಕಾದರೆ ನಾಲ್ಕು ಪರದೆ ದಾಟಬೇಕಿತ್ತು ಕಣೋ. ಅಷ್ಟು ಹೊತ್ತಿನಲ್ಲಿ ನಮ್ಮ ಬಂದರಿನವರು ಮೀನು ಹಿಡಿದು, ಹುರಿದು, ತಿಂದು ಕೈ ತೊಳೆದಿರುತ್ತಾರೆ.

ವಿಷಯಕ್ಕೆ ಬರುತ್ತೇನೆ. ಬೇಸಿಗೆಯಲ್ಲಿ ಅಂಗಡಿಗೆ ಹೊಸ ಕಂಟ್ರೋಲರ್‌ಗಳನ್ನು ತರಿಸಿದೆ. ಕೈಯಿಂದ ಜಾರುತ್ತಿದ್ದವು. ಮಾಡಿದವನಿಗೆ ಮನುಷ್ಯರ ಕೈ ಹೇಗಿರುತ್ತದೆಂದು ಗೊತ್ತಿಲ್ಲ ಎಂದು ಬೈದು ಅರ್ಧ ಪುಟ ಬರೆದೂ ಇಟ್ಟೆ. ಆಮೇಲೆ ಚಹಾದ ಲೋಟ ಜಾರಿತು. ಆಮೇಲೆ ಬೀಗದ ಕೈ. ಅಂಗಡಿಗೆ ಬರುವ ಬೇರೆ ಯಾರ ಕೈಯಿಂದಲೂ ಕಂಟ್ರೋಲರ್ ಜಾರುತ್ತಿಲ್ಲ ಎಂಬುದು ಆಗ ಕಣ್ಣಿಗೆ ಬಿತ್ತು. ಬರೆದದ್ದನ್ನು ಹರಿದು ಹಾಕಿ ಡಾಕ್ಟರ ಹತ್ತಿರ ಹೋದೆ.

ನರಗಳು ಸಾಯುವ ಕಾಯಿಲೆಯಂತೆ. ಮೊದಲು ಕೈ, ಆಮೇಲೆ ಕಾಲು, ನಾಲಿಗೆ, ಕೊನೆಗೆ ಉಸಿರು. ಬುದ್ಧಿ ಮಾತ್ರ ಕಡೆಯವರೆಗೂ ನೆಟ್ಟಗಿರುತ್ತದೆ ಎಂದು ಡಾಕ್ಟರು ಸಮಾಧಾನ ಹೇಳುವವರ ಹಾಗೆ ಹೇಳಿದರು. ಇದಕ್ಕಿಂತ ಕೆಟ್ಟ ವಿನ್ಯಾಸವನ್ನು ನಾನು ನೋಡಿಲ್ಲ. ಇದನ್ನು ಬರೆದು ಕಳಿಸಲು ಯಾವ ಪತ್ರಿಕೆಯೂ ಇಲ್ಲ.

ಮಾತು ಹೋದವರಿಗೆಂದು ಕೈರೋದಲ್ಲಿ ನಿಮ್ಮ ಕಂಪನಿ ಏನೋ ಯಂತ್ರ ಮಾಡುತ್ತಿದೆ, ಅದರ ಪರದೆ ಬಿಡಿಸುವವನು ನೀನೇ ಎಂದು ಕೇಳಿದೆ. ನನಗೆ ಒಂದು ಬೇಕು. ಇನ್ನೂ ನಾಲಿಗೆ ಆಡುತ್ತಿದೆ, ಆದರೆ ‘ರ’ ಬಂದಾಗ ಒದ್ದಾಡುತ್ತದೆ. ನನಗೆ ಸಾಯುವ ಭಯಕ್ಕಿಂತ ಇನ್ನೊಂದು ಭಯ ದೊಡ್ಡದು. ಬುದ್ಧಿ ಒಳಗೆ ನೆಟ್ಟಗೆ ಕೂತಿರುತ್ತದೆ, ನೋವಾಗುತ್ತಿದೆ ಎಂದು ಹೇಳಲು ಆಗುವುದಿಲ್ಲ, ಸುತ್ತ ನಿಂತವರು ತಮಗೆ ತೋಚಿದ್ದನ್ನು ನನ್ನ ಪರವಾಗಿ ಹೇಳುತ್ತಿರುತ್ತಾರೆ. ಆ ಗತಿ ಬಾರದ ಹಾಗೆ ಏನಾದರೂ ಮಾಡು ಮಾರಾಯ. ಬೇಕಾದರೆ ಬೈದುಕೊಂಡೇ ಮಾಡು.

ಇಂತಿ,
ಮೂರು ಬೆರಳಿನಲ್ಲಿ ಬರೆದ ವಗ್ದಿ


ಕೈರೋ
14 ನವೆಂಬರ್ 2021

ವಗ್ದಿ,

ಅಳಿಸಲಿಲ್ಲ. ಹಲವು ಸಲ ಓದಿದೆ. ಮೊದಲ ಸಲ ಓದುವಾಗ ನಕ್ಕೆ, ಅದಕ್ಕಾಗಿ ಈಗ ನನ್ನ ಮೇಲೆ ನನಗೇ ಅಸಹ್ಯವಾಗಿದೆ.

ಆ ಮೀನಿನ ಆಟದ ವಿಷಯ. ನಿನ್ನ ಪುಟ ಓದಿ ನನ್ನ ಹೆಂಡತಿ, “ಸರಿಯಾಗೇ ಬರ್ದಿದಾನಲ್ಲ, ಇದಕ್ಯಾಕೆ ಮುಖ ಊದಿಸ್ಕೊಂಡು ಕೂತಿದೀರಿ?” ಅಂದಿದ್ದಳು. ನಿನ್ನ ಜೊತೆ ಇಷ್ಟು ವರ್ಷ ಮಾತು ಬಿಡಲು ಅವಳ ಆ ಮಾತೂ ಒಂದು ಕಾರಣ. ಈಗ ಆ ಆಟವನ್ನು ಯಾರೂ ಆಡುವುದಿಲ್ಲ. ನಾನೂ ಆಡುವುದಿಲ್ಲ.

ನಾವು ಮಾಡುತ್ತಿರುವುದಕ್ಕೆ ಇಲ್ಲಿ ‘ಮಾತಿನ ಹಲಗೆ’ ಎನ್ನುತ್ತೇವೆ. ಮಕ್ಕಳ ಸ್ಲೇಟಿಗಿಂತ ಸ್ವಲ್ಪ ದೊಡ್ಡ ಪರದೆ, ಅದರ ಕೆಳಗೆ ಕಣ್ಣಿನ ಪಾಪೆಯನ್ನು ಹಿಂಬಾಲಿಸುವ ಕ್ಯಾಮೆರಾ. ಒಂದು ಪದದ ಮೇಲೆ ದೃಷ್ಟಿ ನೆಟ್ಟು ಒಂದು ಕ್ಷಣ ಹಿಡಿದರೆ ಯಂತ್ರ ಅದನ್ನು ಗಟ್ಟಿಯಾಗಿ ಹೇಳುತ್ತದೆ. ಇಲ್ಲದ ಪದವನ್ನು ಅಕ್ಷರ ಕೂಡಿಸಿ ಬರೆಯಬಹುದು, ಪತ್ರವನ್ನೂ ಕಳಿಸಬಹುದು. ಇನ್ನೂ ಪರೀಕ್ಷೆಯ ಹಂತದಲ್ಲಿದೆ. ಕೆಲವು ಮನೆಗಳಿಗೆ ಕೊಡುತ್ತಿದ್ದೇವೆ, ನಿನ್ನ ಹೆಸರನ್ನು ಪಟ್ಟಿಗೆ ಸೇರಿಸಿದ್ದೇನೆ. ನನ್ನ ಆಟವನ್ನು ಒಂದು ಪುಟದಲ್ಲಿ ಮುರಿದು ಹಾಕಿದವನು ನೀನು. ಇದನ್ನೂ ಮುರಿ. ಎಲ್ಲಿ ತಪ್ಪಿದೆ ಎಂದು ನಿನ್ನಷ್ಟು ನಿಷ್ಠುರವಾಗಿ ನನಗೆ ಇಲ್ಲಿ ಯಾರೂ ಹೇಳುವುದಿಲ್ಲ.

ನಿನ್ನ ಹೆಂಡತಿಗೂ ಅಮ್ಮನಿಗೂ ಸಲಾಂ ಹೇಳು.

ನಿನ್ನ,
ಹಿಲ್ಮಿ


ಅಲೆಕ್ಸಾಂಡ್ರಿಯಾ
20 ಫೆಬ್ರವರಿ 2022

ಹಿಲ್ಮಿ,

ಹಲಗೆ ಬಂತು. ಇದನ್ನು ಬರೆಯುತ್ತಿರುವುದು ಇನ್ನೂ ಒಂದು ಬೆರಳಿನಿಂದ. ಹಠಕ್ಕೆ ಬರೆಯುತ್ತಿದ್ದೇನೆ ಅಂದುಕೋ. ನಾಲಿಗೆ ಮಾತ್ರ ಕೈಕೊಟ್ಟಿತು. ನಾನು ಹೇಳಿದ್ದು ಹೆಂಡತಿ ಸೌಸನ್‌ಗೆ ಮಾತ್ರ ಅರ್ಥವಾಗುತ್ತದೆ, ಅವಳಿಗೂ ಅರ್ಧ.

ಮೊದಲು ಹೊಗಳಿಬಿಡುತ್ತೇನೆ, ಆಮೇಲೆ ಸಿಗುವುದಿಲ್ಲ. ಅಕ್ಷರಗಳ ಜಾಗ ಚೆನ್ನಾಗಿದೆ. ಬಣ್ಣ ಕಣ್ಣು ಚುಚ್ಚುವುದಿಲ್ಲ. ತಪ್ಪಿದ್ದನ್ನು ಅಳಿಸುವ ಬಟನ್ ದೂರ ಇಟ್ಟಿದ್ದೀಯ. ನನ್ನ ಅಂಕಣದಿಂದ ಏನೋ ಕಲಿತಿದ್ದೀಯ.

ಈಗ ಬೈಗುಳ. ಆ ದನಿ ಯಾರದೋ? ಗಂಟಲಿಗೆ ಎಣ್ಣೆ ಹಚ್ಚಿಕೊಂಡು ಬಂದವನ ಹಾಗಿದೆ. ಮೊದಲ ದಿನ ಅಮ್ಮ ಒಳಗಿನ ಕೋಣೆಯಿಂದ, “ಯಾರೋ ವಾರ್ತೆ ಓದೋನು ಮನೆಗೆ ಬಂದಿದಾನಲ್ಲ, ಅವ್ನಿಗೆ ಚಾ ಕೊಟ್ಯೇನೇ?” ಎಂದು ಕೂಗಿದಳು. ಸೌಸನ್ ಗೋಡೆ ಹಿಡಿದುಕೊಂಡು ನಕ್ಕಳು. ಎಷ್ಟೋ ತಿಂಗಳ ಮೇಲೆ ಅವಳು ನಕ್ಕಿದ್ದು, ಅದಕ್ಕೇ ಆ ದನಿಯನ್ನು ಕ್ಷಮಿಸಿದ್ದೇನೆ.

ಕ್ಷಮಿಸಲಾರದ್ದು ಇನ್ನೊಂದು. ಪರದೆಯ ನೆತ್ತಿಯ ಮೇಲೆ, ಎಲ್ಲ ಪದಗಳಿಗಿಂತ ದೊಡ್ಡದಾಗಿ, ಹಸಿರು ಬಣ್ಣದಲ್ಲಿ, ಈ ಮೂಲೆಯಿಂದ ಆ ಮೂಲೆಯವರೆಗೆ ಒಂದು ಬಟನ್: ‘ಅಲ್‌ಹಮ್ದುಲಿಲ್ಲಾ, ಚೆನ್ನಾಗಿದ್ದೇನೆ.’ ಮೊನ್ನೆ ಕ್ಷೌರದ ಸಲಾಮಾ ಮನೆಗೆ ಬಂದಿದ್ದ. ನನ್ನ ಒಂದು ಕಾಲು ಮೈಯ ಕೆಳಗೆ ಮಡಚಿ ಸಿಕ್ಕಿಕೊಂಡಿತ್ತು, ಉರಿ ಹತ್ತಿದಂತೆ ನೋವು. ‘ಕಾಲು’ ಎಂಬ ಪದ ಕೆಳಗಿನ ಸಾಲಿನಲ್ಲಿದೆ. ಕಣ್ಣನ್ನು ಅಲ್ಲಿಗೆ ಎಳೆದೊಯ್ಯುತ್ತೇನೆ, ದಣಿಯುತ್ತದೆ. ದಣಿದ ಕಣ್ಣು ಮೇಲಕ್ಕೆ ಹೋಗುತ್ತದೆ ಹಿಲ್ಮಿ. ನಿದ್ದೆ ಬಂದಾಗ, ತಲೆ ಸುತ್ತಿದಾಗ ಎಲ್ಲರ ಕಣ್ಣೂ ಮೇಲಕ್ಕೇ ಹೋಗುವುದು. ಮೇಲೆ ನಿನ್ನ ಬಟನ್ ಬಾಯಿ ತೆರೆದುಕೊಂಡು ಕಾದಿದೆ.

“ಹೇಗಿದೀಯಪ್ಪಾ?” ಅಂದ ಸಲಾಮಾ.

“ಅಲ್‌ಹಮ್ದುಲಿಲ್ಲಾ, ಚೆನ್ನಾಗಿದ್ದೇನೆ” ಅಂದಿತು ಯಂತ್ರ.

“ನೋಡಮ್ಮಾ, ಚೆನ್ನಾಗೇ ಇದಾನೆ. ನೀನೇ ಸುಮ್ನೆ ಊರೆಲ್ಲ ಗಾಬರಿ ಮಾಡಿದೀಯ” ಎಂದು ಸೌಸನ್‌ಗೆ ಬುದ್ಧಿ ಹೇಳಿ, ಚಹಾ ಕುಡಿದು, ಫುಟ್‌ಬಾಲ್ ಕಥೆ ಹೇಳಿ ಹೋದ. ಅಷ್ಟು ಹೊತ್ತೂ ನನ್ನ ಕಾಲು ಅಲ್ಲೇ ಇತ್ತು.

ನಾನೂ ಜನ್ಮವೆಲ್ಲ ಆ ಮಾತನ್ನು ಹೇಳಿದವನೇ. ದಿನಸಿ ಅಂಗಡಿಯವನಿಗೆ, ಟ್ಯಾಕ್ಸಿಯವನಿಗೆ, ಅಪ್ಪ ತೀರಿಕೊಂಡ ದಿನ ಬಾಗಿಲಿಗೆ ಬಂದವರಿಗೂ ಹೇಳಿದೆ. ಆದರೆ ನಮ್ಮಲ್ಲಿ ಯಾರೂ ಆ ಮಾತನ್ನು ಕೇಳಿಸಿಕೊಳ್ಳುವುದಿಲ್ಲ, ಹೇಳುವಾಗಿನ ಮುಖವನ್ನು ನೋಡುತ್ತಾರೆ. ದನಿ ಸ್ವಲ್ಪ ಇಳಿದಿದ್ದರೆ ಸಾಕು, ‘ಏನಾಯ್ತು ಹೇಳು’ ಎಂದು ಕೈ ಹಿಡಿದು ಕೂರಿಸುತ್ತಾರೆ. ನನ್ನ ಮುಖ ಈಗ ಅಲುಗುವುದಿಲ್ಲ. ನಿನ್ನ ವಾರ್ತೆ ಓದುವವನ ದನಿ ಇಳಿಯುವುದೂ ಇಲ್ಲ. ಅದನ್ನು ತೆಗೆದುಬಿಡು. ದೇವರಿಗೆ ಹೇಳಬೇಕಾದ ಸ್ತುತಿಯನ್ನು ನಾನು ಒಳಗೇ ಹೇಳಿಕೊಳ್ಳುತ್ತೇನೆ, ಅವನಿಗೆ ಹಲಗೆ ಬೇಕಿಲ್ಲ.

ಕಾಲು ನೇರವಾದ ಮೇಲೆ ಬರೆದ,
ವಗ್ದಿ


ಕೈರೋ
3 ಮಾರ್ಚ್ 2022

ವಗ್ದಿ,

ನಿನ್ನ ಪತ್ರವನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿದೆ.

ಆ ಬಟನ್ ಅಲ್ಲಿಗೆ ಹೇಗೆ ಬಂತೆಂದು ಹೇಳುತ್ತೇನೆ, ಬೈಯಲು ನಿನಗೆ ಅನುಕೂಲವಾಗಲಿ. ನಾವು ರೋಗಿಗಳಿರುವ ಮನೆಗಳಿಗೆ ಹೋಗಿ ಕೂತು, ದಿನವೆಲ್ಲ ಅವರು ಆಡುವ ಮಾತು ಬರೆದುಕೊಂಡೆವು. ಯಾವ ಮಾತು ಹೆಚ್ಚು ಬರುತ್ತದೋ ಅದು ಕಣ್ಣಿಗೆ ಹತ್ತಿರವಿರಬೇಕು, ದೊಡ್ಡದಿರಬೇಕು ಎನ್ನುವುದು ನಮ್ಮ ಕಸುಬಿನ ಮೊದಲ ಪಾಠ. ಎಲ್ಲ ಮನೆಯಲ್ಲೂ ಮೊದಲು ಬಂದದ್ದು ಅದೇ ಮಾತು. ಬೇರೆ ದೇಶದವರು ಮಾಡಿದ್ದರೆ ಅಲ್ಲಿ ‘ನೀರು’ ಅಂತಲೋ ‘ನೋವು’ ಅಂತಲೋ ಇಡುತ್ತಿದ್ದರು. ನಾವು ಇಲ್ಲಿನವರು, ನಮ್ಮ ಜನರನ್ನು ಬಲ್ಲೆವು ಅಂದುಕೊಂಡು ಅದನ್ನು ಇಟ್ಟೆವು. ಇಟ್ಟ ದಿನ ನನಗೆ ಹೆಮ್ಮೆಯೂ ಆಗಿತ್ತು.

ಮುಂದಿನ ಅಪ್‌ಡೇಟಿನಲ್ಲಿ ಅದನ್ನು ತೆಗೆಯುವುದೆಂದು ತೀರ್ಮಾನವಾಗಿದೆ. ರಂಜಾನ್ ಮುಗಿಯುವುದರೊಳಗೆ ಬರುತ್ತದೆ. ಮಾತು ಕೊಟ್ಟಿದ್ದೇನೆ.

ನಿನ್ನ,
ಹಿಲ್ಮಿ


ಅಲೆಕ್ಸಾಂಡ್ರಿಯಾ
12 ಮೇ 2022

ಹಿಲ್ಮಿ,

ಇದು ಕಣ್ಣಿನಲ್ಲಿ ಬರೆದದ್ದು. ಅದಕ್ಕೇ ಚಿಕ್ಕ ಚಿಕ್ಕ ವಾಕ್ಯ. ನೀನು ಯಾವಾಗಲೂ ನನ್ನ ವಾಕ್ಯ ಉದ್ದ ಅನ್ನುತ್ತಿದ್ದೆ. ತಗೋ.

ಬಟನ್ ಹೋಯಿತು. ನೆತ್ತಿಯ ಜಾಗ ಖಾಲಿ. ಕಣ್ಣು ದಣಿದರೆ ಖಾಲಿ ಜಾಗಕ್ಕೆ ಹೋಗುತ್ತದೆ. ಯಂತ್ರ ಸುಮ್ಮನಿರುತ್ತದೆ. ಸುಮ್ಮನಿರುವ ಯಂತ್ರ ಎಷ್ಟು ಮರ್ಯಾದಸ್ಥ ಗೊತ್ತಾ.

ಹಬ್ಬಕ್ಕೆ ಸೌಸನ್‌ಳ ತಮ್ಮ ಬಂದಿದ್ದ. “ಹೇಗಿದೀರಾ ಭಾವ?” ಅಂದ. “ಚೆನ್ನಾಗಿಲ್ಲ” ಅಂದೆ. ಯಂತ್ರ ಕೆಟ್ಟಿದೆ ಅಂದುಕೊಂಡು ಪಾಪ ಅದರ ಬೆನ್ನಿಗೆ ಎರಡು ತಟ್ಟಿದ. “ಯಂತ್ರ ಸರಿ ಇದೆ, ನಾನು ಸರಿ ಇಲ್ಲ” ಅಂದೆ. ಅವನ ಮುಖ ನೋಡಬೇಕಿತ್ತು.

ಮೊನ್ನೆ ಸೌಸನ್‌ಗೆ “ಭಯ ಆಗುತ್ತಿದೆ” ಅಂದೆ. ಇಪ್ಪತ್ತು ವರ್ಷದ ಸಂಸಾರದಲ್ಲಿ ಇದೇ ಮೊದಲು. ಅವಳು “ಹೌದಾ” ಅಂದಳು. ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತಳು. ಆಮೇಲೆ ಮೊಲೊಖಿಯಾ ಸೊಪ್ಪು ಹೆಚ್ಚಲು ಎದ್ದು ಹೋದಳು. ಬಹಳ ಹೊತ್ತು ಹೆಚ್ಚಿದಳು.

ನನಗೆ ಹಗುರವಾಯಿತು. ಅವಳಿಗೆ ಏನಾಯಿತೋ ಗೊತ್ತಿಲ್ಲ. ಈಗೀಗ ಟಿವಿ ಜೋರಾಗಿ ಇಡುತ್ತಾಳೆ.

ನಿನಗೆ ಋಣಿ. ಇದನ್ನು ಬರೆಯಲು ಕಣ್ಣು ಉರಿಯುತ್ತಿದೆ, ಆದರೂ ಬರೆದೆ.

ವಗ್ದಿ


ಅಲೆಕ್ಸಾಂಡ್ರಿಯಾ
27 ಆಗಸ್ಟ್ 2022

ಇಂಜಿನಿಯರ್ ಹಿಲ್ಮಿ ಸಾಹೇಬರಿಗೆ,

ಸಲಾಂ. ನಾನು ವಗ್ದಿಯ ಹೆಂಡತಿ ಸೌಸನ್. ನಿಮಗೆ ನೇರವಾಗಿ ಬರೆಯುತ್ತಿರುವುದು ಇದೇ ಮೊದಲು. ಬರೆದದ್ದು ಅವರಿಗೆ ತಿಳಿಯಬಾರದು.

ನೀವು ಕಳಿಸಿದ ಹಲಗೆಯಿಂದ ನಮ್ಮ ಮನೆಗೆ ಮಾತು ಬಂತು, ದೇವರು ನಿಮ್ಮ ಕೈಯನ್ನು ಕಾಯಲಿ. ಈಗ ಕೇಳುವುದನ್ನು ಕೃತಘ್ನತೆ ಅಂದುಕೊಳ್ಳಬೇಡಿ. ಮೇಲಿನ ಸಾಲಿನಲ್ಲಿದ್ದ ಆ ಹಸಿರು ಬಟನ್ನನ್ನು ದಯವಿಟ್ಟು ವಾಪಸು ಹಾಕಿ.

ಅದು ಹೋದ ಮೇಲೆ ಈ ಮನೆಯಲ್ಲಿ ಏನು ಕೇಳಿಸುತ್ತದೆಂದು ಹೇಳುತ್ತೇನೆ. ನೋವು. ತಿರುಗಿಸು. ಬೇಡ. ಭಯ. ಎಲ್ಲ ನಿಜ, ನನಗೆ ಗೊತ್ತು. ಅವರನ್ನು ಎತ್ತುವವಳು, ತೊಳೆಯುವವಳು, ಉಣಿಸುವವಳು ನಾನು. ಆ ದೇಹದಲ್ಲಿ ನನಗೆ ತಿಳಿಯದ ನೋವು ಯಾವುದೂ ಇಲ್ಲ. ತಿಳಿದದ್ದನ್ನೇ ದಿನವೆಲ್ಲ ಆ ವಾರ್ತೆಯವನ ದನಿಯಲ್ಲಿ ಕೇಳುತ್ತಾ ಇದ್ದರೆ ಟಿವಿ ಜೋರು ಮಾಡಿ ಅಡುಗೆಮನೆ ಸೇರಿಕೊಳ್ಳುತ್ತೇನೆ ಸಾಹೇಬರೇ. ಮುಂಚೆ ಬೆಳಿಗ್ಗೆ ಕಿಟಕಿಯ ಪರದೆ ಸರಿಸಿ, “ಹೇಗಿದೀರಾ?” ಅಂತ ಕೇಳಿದರೆ ಆ ಮಾತು ಬರುತ್ತಿತ್ತು. ಕಣ್ಣು ಜಾರಿ ಬಂತೋ, ಮನಸ್ಸಿನಿಂದ ಬಂತೋ, ನಾನು ಕೇಳಲು ಹೋಗುತ್ತಿರಲಿಲ್ಲ. ಅಷ್ಟು ಕೇಳಿಸಿಕೊಂಡು ಫೂಲ್ ಕಾಳು ಬಿಸಿಮಾಡಲು ಹೋಗುತ್ತಿದ್ದೆ, ಮಧ್ಯಾಹ್ನದವರೆಗೆ ಅದರಲ್ಲೇ ದೂಡುತ್ತಿದ್ದೆ.

ಅತ್ತೆಯವರು ದಿನವೂ ಕೇಳುತ್ತಾರೆ, “ನನ್ ಮಗ ದೇವರನ್ನ ನೆನೆಯೋದೇ ಬಿಟ್ಟುಬಿಟ್ನಾ?” ಅಂತ. ಅವರಿಗೆ ಏನು ಹೇಳಲಿ?

ಕಂಪನಿಯವರೇ ಹಾಕಿದರು ಅನ್ನುವ ಹಾಗೆ ಬಂದರೆ ಸಾಕು.

ನಿಮ್ಮ ತಂಗಿ,
ಸೌಸನ್


ಕೈರೋ
11 ಸೆಪ್ಟೆಂಬರ್ 2022

ಮದಾಮ್ ಸೌಸನ್ ಅವರಿಗೆ,

ಸಲಾಂ. ನಿಮ್ಮ ಪತ್ರಕ್ಕೆ ಉತ್ತರ ಬರೆಯಲು ಕೂತು, ಎದ್ದು, ತಡವಾಯಿತು.

ನಿಮ್ಮಂತೆಯೇ ಬೇರೆ ಮನೆಗಳಿಂದಲೂ ಪತ್ರಗಳು ಬಂದಿವೆ. ತಾಯಂದಿರು, ಹೆಂಡತಿಯರು, ಹೆಣ್ಣುಮಕ್ಕಳು, ಎಲ್ಲರೂ ಕೇಳುವುದು ಅದನ್ನೇ. ರೋಗಿಗಳಲ್ಲಿ ವಗ್ದಿಯನ್ನು ಬಿಟ್ಟು ಇನ್ಯಾರೂ ಅದನ್ನು ತೆಗೆಯಿರಿ ಎಂದು ಬರೆದಿಲ್ಲ. ಅವರಿಗೆ ಬೇಕಿತ್ತೋ, ಅಥವಾ ಕಣ್ಣಿನಲ್ಲಿ ಅಷ್ಟು ಉದ್ದದ ದೂರು ಬರೆಯಲು ತ್ರಾಣವಿರಲಿಲ್ಲವೋ, ನನಗೆ ತಿಳಿಯದು. ಕಂಪನಿಯಲ್ಲಿ ಎಣಿಸುವುದು ಬಂದ ಪತ್ರಗಳನ್ನು ಮಾತ್ರ. ಬಟನ್ ಮತ್ತೆ ಹಾಕಲು ನಿರ್ಧಾರವಾಗಿದೆ.

ನಾನು ಬೇಡ ಎನ್ನಬಹುದಿತ್ತು. ನಿಮ್ಮ ಪತ್ರ ಮೇಜಿನ ಮೇಲಿತ್ತು, ಸುಮ್ಮನಿದ್ದೆ. ನೀವು ಬರೆದ ಸಂಗತಿ ವಗ್ದಿಗೆ ತಿಳಿಯುವುದಿಲ್ಲ.

ಹಿಲ್ಮಿ


ಅಲೆಕ್ಸಾಂಡ್ರಿಯಾ
6 ನವೆಂಬರ್ 2022

ಹಿಲ್ಮಿ

ಅದು ಮತ್ತೆ ಬಂದಿದೆ. ಅದೇ ಜಾಗ. ಅದೇ ಹಸಿರು.

ಯಾಕೋ.

ಉಸಿರಿಗೆ ಯಂತ್ರ ಕೊಟ್ಟಿದ್ದಾರೆ. ಮುಖಕ್ಕೆ ಹಾಕುವುದು. ಬೇಕಾದಾಗ ಕೇಳಬೇಕು. ಹಲಗೆಯಲ್ಲಿ ‘ಗಾಳಿ’ ಅಂತ ಪದ ಇದೆ. ಕೆಳಗಿನ ಸಾಲು. ಅಲ್ಲಿಗೆ ಹೋಗುವುದರೊಳಗೆ ಕಣ್ಣು ಮೇಲೆ ಹಾರುತ್ತದೆ.

ತೆಗಿ. ಮಾತು ಕೊಟ್ಟಿದ್ದೆ.

ವ


ಕೈರೋ
10 ನವೆಂಬರ್ 2022

ವಗ್ದಿ,

ತೆಗೆದಿದ್ದೆವು. ಮನೆಯವರು ಕೇಳಿದರೆಂದು ಮತ್ತೆ ಹಾಕಿದರು. ಅನೇಕ ಮನೆಗಳವರು ಕೇಳಿದ್ದರು. ಸಭೆಯಲ್ಲಿ ಕೈಯೆತ್ತುವಾಗ ನಾನೂ ಇದ್ದೆ.

ಸದ್ಯಕ್ಕೆ ಒಂದು ದಾರಿ ಇದೆ. ಬಟನ್ನನ್ನು ಚಿಕ್ಕದು ಮಾಡಿ ಕೆಳಗಿನ ಮೂಲೆಗೆ ಸರಿಸಬಹುದು. ಕಣ್ಣಿನಿಂದ ಆಗುವುದಿಲ್ಲ, ಬೆರಳಿರುವವರು ಮಾಡಬೇಕು. ಬಲಗಡೆಯ ಚಕ್ರದ ಗುರುತನ್ನು ಒತ್ತಿ, ಅಲ್ಲಿಂದ ‘ಆರೈಕೆಯವರಿಗೆ’, ಅಲ್ಲಿಂದ ‘ಪರದೆಯ ನೋಟ’, ಅಲ್ಲಿಂದ ‘ಇನ್ನಷ್ಟು’, ಅದರ ತಳದಲ್ಲಿ ‘ಮೇಲಿನ ಸಾಲು’ ಎಂದಿದೆ. ಇಷ್ಟು ಒಳಗೆ ಬಚ್ಚಿಟ್ಟವನು ಯಾರೆಂದು ಕೇಳಬೇಡ, ನಾನೇ. ಸೌಸನ್ ಅವರಿಗೆ ಈ ಸಾಲುಗಳನ್ನು ಓದಲು ಹೇಳು.

ಬಂದು ನೋಡಬೇಕೆಂದಿದ್ದೇನೆ. ಈ ಶುಕ್ರವಾರ ಆಗುವುದಿಲ್ಲ, ಹೊಸ ಹಲಗೆಯ ಬಿಡುಗಡೆ ಇದೆ. ಖಂಡಿತ ಬರುತ್ತೇನೆ.

ಹಿಲ್ಮಿ


ಅಲೆಕ್ಸಾಂಡ್ರಿಯಾ
2 ಡಿಸೆಂಬರ್ 2022

ಹಿಲ್ಮಿ

ಓದಿಸಿದೆ. ಸಿಗಲಿಲ್ಲ ಅಂದಳು.

ಕಟ್ಟಡದ ಹೆಂಗಸರೆಲ್ಲರ ಬ್ಯಾಂಕು, ಕರೆಂಟು ಬಿಲ್ಲು ಎಲ್ಲ ಫೋನಿನಲ್ಲಿ ಮಾಡಿಕೊಡುವವಳು ಇವಳೇ.

ಎರಡನೇ ಸಲ ಕೇಳಲಿಲ್ಲ.

ನೀನು ಬಾ. ನಿನಗೆ ಸಿಗುತ್ತದೆ.

ವ


ಅಲೆಕ್ಸಾಂಡ್ರಿಯಾ
30 ಜನವರಿ 2023

ಇಂಜಿನಿಯರ್ ಹಿಲ್ಮಿ ಸಾಹೇಬರಿಗೆ,

ಸಲಾಂ. ಸಂತಾಪದ ಡೇರೆಗೆ ನೀವು ಬಂದು ಗಂಡಸರ ಸಾಲಿನಲ್ಲಿ ಕೂತಿದ್ದಿರಂತೆ. ನನ್ನ ತಮ್ಮ ಹೇಳಿದ. ಒಳಗೆ ಬಂದು ನನ್ನನ್ನು ನೋಡದೆ ಹೋದಿರಿ. ದುಃಖಕ್ಕೆ ಹಾಗಾಗುತ್ತದೆ, ನಾನೇನೂ ತಪ್ಪು ತಿಳಿದುಕೊಂಡಿಲ್ಲ.

ನಿಮಗೆ ಅವರ ಕೊನೆಯ ಗಳಿಗೆಯನ್ನು ಹೇಳಬೇಕು. ನಿಮ್ಮಿಂದಾಗಿಯೇ ಅದು ಹಾಗೆ ಆದದ್ದು.

ಅವತ್ತು ಸಮುದ್ರದ ಕಡೆಯಿಂದ ಬಿರುಗಾಳಿ. ಕಿಟಕಿಯ ಸಂದಿಗೆಲ್ಲ ಬಟ್ಟೆ ತುರುಕಿದ್ದೆ. ಮಧ್ಯಾಹ್ನ ಅತ್ತೆಯವರ ಊಟ ಆಗಿತ್ತು. ಹಲಗೆ “ಗಾಳಿ” ಅಂದಿತು. ನಾನು ಹತ್ತಿರ ಹೋಗಿ, “ಉಸಿರಿನ ಯಂತ್ರ ಹಾಕ್ಲಾ?” ಅಂತ ಕೇಳಿದೆ. “ಅಲ್‌ಹಮ್ದುಲಿಲ್ಲಾ, ಚೆನ್ನಾಗಿದ್ದೇನೆ” ಅಂದರು. ಹಾಗಾದರೆ ಯಂತ್ರ ಬೇಡ, ಕೋಣೆಯಲ್ಲಿ ಸೆಕೆ ಅಂತ ಹೇಳಿರಬೇಕು ಅಂದುಕೊಂಡು ಕಿಟಕಿಯ ಬಟ್ಟೆ ಸ್ವಲ್ಪ ತೆಗೆದೆ. “ಈಗ ಸರಿಹೋಯ್ತಾ?” ಅಂದೆ. ಮತ್ತೆ ಅದೇ ಮಾತು. ಪಾದ ತಣ್ಣಗಿತ್ತು, ಉಣ್ಣೆಯ ಶಾಲು ಹೊದಿಸಿದೆ. ಅದಕ್ಕೂ ಅದೇ ಮಾತು.

ಎಷ್ಟು ತಿಂಗಳಾಗಿತ್ತು ಅವರು ನನ್ನ ಜೊತೆ ಹಾಗೆ ಮಾತಾಡಿ. ಬಟನ್ ವಾಪಸು ಬಂದ ಮೇಲೂ ಅದನ್ನು ಹೇಳಿದ ತಕ್ಷಣ “ಅಲ್ಲ, ಅಲ್ಲ” ಅನ್ನುತ್ತಿದ್ದರು, ಕಣ್ಣು ಜಾರಿತು ಅಂತ. ಅವತ್ತು “ಅಲ್ಲ” ಅನ್ನಲೇ ಇಲ್ಲ. ನಾನು ತಮಾಷೆಗೆ, “ಏನ್ರೀ ಇವತ್ತು, ಹೊಸ ಮದುಮಗನ ಹಾಗೆ ಎಲ್ಲದಕ್ಕೂ ಒಪ್ಕೊಂಡುಬಿಡ್ತಿದೀರಿ?” ಅಂದೆ. ಹಣೆಗೆ ಮುತ್ತು ಕೊಟ್ಟು ಚಹಾ ಇಡಲು ಒಳಗೆ ಹೋದೆ. ಅಡುಗೆಮನೆಗೂ ಕೇಳಿಸುತ್ತಿತ್ತು, ಮತ್ತೆ ಮತ್ತೆ. ಅವರು ಹೇಳಿದಾಗಲೆಲ್ಲ ನಾನು ಅಲ್ಲಿಂದಲೇ “ಅಲ್‌ಹಮ್ದುಲಿಲ್ಲಾ” ಅನ್ನುತ್ತಿದ್ದೆ. ಅತ್ತೆಯವರೂ ತಮ್ಮ ಕೋಣೆಯಿಂದ ದನಿಗೂಡಿಸಿದರು, “ನೋಡ್ದೇನೇ, ನನ್ ಮಗ ವಾಪಸ್ ಬಂದ” ಅಂದರು. ಮದುವೆಯಾದ ಹೊಸದರಲ್ಲಿ ನಾವು ಹೀಗೇ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಮಾತಾಡುತ್ತಿದ್ದೆವು. ಅಷ್ಟು ಸುಖವಾಗಿ ಚಹಾ ಸೋಸಿ ಎಷ್ಟು ಕಾಲವಾಗಿತ್ತೋ.

ಲೋಟ ಹಿಡಿದುಕೊಂಡು ಬಂದಾಗ ಹೋಗಿಬಿಟ್ಟಿದ್ದರು. ಕಣ್ಣು ಮೇಲಕ್ಕೆ ನೆಟ್ಟಿತ್ತು. ಮೈ ತೊಳೆಯುವ ಮುಂಚೆ ನೋಡಲು ಬಂದ ಹೆಂಗಸರೆಲ್ಲ, ಜನ್ನತ್ತನ್ನು ನೋಡುತ್ತಾ ಹೋದವರ ಕಣ್ಣು ಹೀಗೇ ಇರುತ್ತದೆ ಅಂದರು.

ಆದರೆ ಅವರ ದೊಡ್ಡಪ್ಪನ ಮಗ ಡೇರೆಯಲ್ಲಿ ಎಲ್ಲರ ಮುಂದೆ ಒಂದು ಮಾತು ಅಂದನಂತೆ. “ಅದು ಯಂತ್ರದ ಮಾತು, ಸತ್ತವನ ಮಾತು ಹೇಗಾಗುತ್ತೆ?” ಅಂತ. ಅದನ್ನು ಕೇಳಿದಾಗಿನಿಂದ ನನಗೆ ಅನ್ನ ಸೇರುತ್ತಿಲ್ಲ. ಹಲಗೆ ಮಾಡಿದವರು ನೀವು. ನೀವೇ ಹೇಳಿ. ಅವತ್ತು ಮಾತಾಡಿದ್ದು ನನ್ನ ಗಂಡನೋ, ಯಂತ್ರವೋ? ನೀವು ಏನು ಹೇಳಿದರೂ ನಂಬುತ್ತೇನೆ.

ಇನ್ನೊಂದು ವಿಷಯ. ಕೆಳಗಿನ ಮನೆಯ ಉಮ್ಮ್ ಹಾನಿಯ ಗಂಡನಿಗೆ ಲಕ್ವ ಹೊಡೆದು ಮಾತು ನಿಂತಿದೆ. ನಿಮ್ಮ ಒಪ್ಪಿಗೆ ಇದ್ದರೆ ಈ ಹಲಗೆಯನ್ನು ಅವರಿಗೆ ಕೊಡುತ್ತೇನೆ. ವಗ್ದಿ ಎಷ್ಟು ನೆಮ್ಮದಿಯಾಗಿ ಹೋದರೆಂದು ಅವರಿಗೆ ಹೇಳಿದ್ದೇನೆ. ಬರುವ ಗುರುವಾರ ತೆಗೆದುಕೊಂಡು ಹೋಗಲು ಬರುತ್ತಾರೆ.

ನಿಮ್ಮ ತಂಗಿ,
ಸೌಸನ್


ಕೈರೋ
31 ಜನವರಿ 2023

ಮದಾಮ್ ಸೌಸನ್ ಅವರಿಗೆ,

ಸಲಾಂ. ದೇವರು ವಗ್ದಿಗೆ ಶಾಂತಿ ಕೊಡಲಿ, ನಿಮಗೆ ತಾಳ್ಮೆ ಕೊಡಲಿ.

ನೀವು ಕೇಳಿದ್ದಕ್ಕೆ ಉತ್ತರ ಇದು. ಮಾತಾಡಿದ್ದು ವಗ್ದಿಯೇ. ಯಂತ್ರ ತಾನಾಗಿ ಏನನ್ನೂ ಹೇಳುವುದಿಲ್ಲ, ಅವನು ಎಲ್ಲಿ ನೋಡಿದನೋ ಅದನ್ನೇ ಹೇಳಿತು. ಇದನ್ನು ಮಾಡಿದವನು ಬರೆದುಕೊಟ್ಟಿದ್ದಾನೆಂದು ಅವನ ದೊಡ್ಡಪ್ಪನ ಮಗನಿಗೆ ಈ ಪತ್ರವನ್ನು ತೋರಿಸಿ. ನೀವು ಊಟ ಮಾಡಿ. ನೀವು ಮಾಡಬೇಕಾದದ್ದು ಯಾವುದೂ ಅವತ್ತು ಬಾಕಿ ಇರಲಿಲ್ಲ.

ಹಲಗೆಯನ್ನು ಮಾತ್ರ ಉಮ್ಮ್ ಹಾನಿಯ ಮನೆಗೆ ಕೊಡಬೇಡಿ. ನಾನು ನಾಳೆ ಬೆಳಗಿನ ರೈಲಿಗೆ ಹೊರಡುತ್ತೇನೆ, ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ. ನಾನು ಬರುವ ಮುಂಚೆ ಅವರು ಬಂದರೆ, ಕೆಟ್ಟುಹೋಗಿದೆ ಎಂದು ಹೇಳಿ.

ಹಿಲ್ಮಿ